ಆಯಾ ಕೆಲಸದಿಂದ ನರ್ಸ್ ಕೆಲಸಕ್ಕೆ: ಕರಾವಳಿಯಲ್ಲಿ ಮೂವತ್ತು ದಾಟಿದವರ ಲೆಕ್ಕ

ಅಮ್ಮನಿಗೆ ನ್ಯುಮೋನಿಯಾ ಆಗಿ ಹನ್ನೊಂದು ದಿನ ಮಂಗಳೂರಿನ ಒಂದು ಆಸ್ಪತ್ರೆಯ ಜನರಲ್ ವಾರ್ಡಿನಲ್ಲಿದ್ದೆವು. ಪಕ್ಕದ ಹಾಸಿಗೆಯಲ್ಲಿ ಬೆಳ್ತಂಗಡಿ ಕಡೆಯ ಒಬ್ಬರು ಅಜ್ಜಿ. ಒಂದು ರಾತ್ರಿ ಎರಡು ಗಂಟೆಗೆ ಎದ್ದು ಕೂತು "ಬಂಜಿ ಬೇನೆ, ಬಂಜಿ ಬೇನೆ" ಅಂತ ನರಳತೊಡಗಿದರು. ನೈಟ್ ಡ್ಯೂಟಿಯಲ್ಲಿದ್ದ ಸಿಸ್ಟರ್ ಕೇರಳದ ಹುಡುಗಿ. ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತು ಅಷ್ಟೆ. ಕರೆದ ತಕ್ಷಣ ಓಡಿ ಬಂದಳು, ಆದರೆ ತುಳು ಬಾರದು. ಬಂಜಿ ಅಂದರೆ ಹೊಟ್ಟೆ ಅಂತ ಅವಳಿಗೆ ಹೇಳಿದ್ದು ವಾರ್ಡಿನ ಆಯಾ. ನೋವು ಎಲ್ಲಿ, ಯಾವಾಗ ಶುರುವಾಯಿತು, ವಾಂತಿ ಬಂತಾ, ರಾತ್ರಿ ಏನು ತಿಂದದ್ದು, ಎಲ್ಲವನ್ನೂ ಆಯಾನೇ ತುಳುವಿನಲ್ಲಿ ಕೇಳಿ ಸಿಸ್ಟರಿಗೆ ಕನ್ನಡದಲ್ಲಿ ಹೇಳಿದರು. ಕೇಳಬೇಕಾದ ಪ್ರಶ್ನೆಗಳು ಯಾವುವು ಅಂತ ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅವರಿಗೆ 33 ವರ್ಷ. ಎಂಟು ವರ್ಷದಿಂದ ಅದೇ ವಾರ್ಡು. ಯಾರ ಬೆನ್ನಿನಲ್ಲಿ ಹುಣ್ಣು ಶುರುವಾಗುತ್ತಿದೆ, ಯಾರ ಡ್ರಿಪ್ ನಿಂತಿದೆ, ಯಾರು ಮಧ್ಯಾಹ್ನದಿಂದ ಗಂಜಿ ಮುಟ್ಟಿಲ್ಲ ಅನ್ನುವುದು ಮೊದಲು ಅವರಿಗೆ ಗೊತ್ತಾಗುತ್ತಿತ್ತು. ಒಂದು ಸಂಜೆ ಅಮ್ಮನ ಹಾಸಿಗೆಯ ಬೆಡ್‌ಶೀಟ್ ಬದಲಿಸುತ್ತಾ ಹೇಳಿದರು: "ನನಗೂ ನರ್ಸಿಂಗ್ ಕಲಿಬೇಕು ಅಂತ ಇತ್ತು ಅಕ್ಕ. ಪಿಯುಸಿ ಆದ ಕೂಡಲೇ ಮದುವೆ ಆಯ್ತು. ಇನ್ನು ಎಂತದ್ದು, ವಯಸ್ಸಾಯ್ತಲ್ಲ."

ವಯಸ್ಸಾಗಿರಲಿಲ್ಲ. ಆದರೆ ಜಾಸ್ತಿ ಸಮಯ ಉಳಿದೂ ಇರಲಿಲ್ಲ. ಅಮ್ಮ ಮನೆಗೆ ಬಂದ ಮೇಲೆ ಅವರ ಆ ಒಂದು ಮಾತು ಹಿಡಿದುಕೊಂಡು ನಿಯಮಗಳನ್ನು ಓದಿದೆ, ಬ್ಯಾಂಕಿನಲ್ಲಿ ಕೇಳಿದೆ, ಎರಡು ನರ್ಸಿಂಗ್ ಶಾಲೆಗಳ ಆಫೀಸಿನಲ್ಲಿ ಕೂತು ಬಂದೆ. ನನಗೆ ಕಂಡದ್ದು ಇಷ್ಟು. ಮೂವತ್ತು ದಾಟಿದವರು ನರ್ಸ್ ಆಗಬೇಕಾದರೆ ದೊಡ್ಡ ಖರ್ಚು ಫೀಸಲ್ಲ. ಸಂಬಳ ಇಲ್ಲದೆ ಕಳೆಯಬೇಕಾದ ಎರಡು, ಮೂರು, ನಾಲ್ಕು ವರ್ಷ. ಯಾವ ದಾರಿ ಕಡಿಮೆ ಖರ್ಚಿನದ್ದು ಅಂತ ನೋಡಬೇಕಾದರೆ ಮೊದಲು ಎಣಿಸಬೇಕಾದ್ದು ಆ ತಿಂಗಳುಗಳನ್ನು.

ನಮ್ಮ ಊರಿಗೆ ಆಸ್ಪತ್ರೆಗಳ ಹೆಸರು ಬಂದದ್ದು ನಿನ್ನೆ ಮೊನ್ನೆ ಅಲ್ಲ. ವೆನ್ಲಾಕ್ ಆಸ್ಪತ್ರೆ ಶುರುವಾಗಿದ್ದು 1848ರಲ್ಲಿ. ಕಂಕನಾಡಿಯಲ್ಲಿ ಫಾದರ್ ಮುಲ್ಲರ್ 1880ರಲ್ಲಿ ಔಷಧಿ ಕೊಡಲು ಆರಂಭಿಸಿದರು. ಉಡುಪಿಯಲ್ಲಿ ಡಾ. ಇವಾ ಲೊಂಬಾರ್ಡ್ 1923ರಲ್ಲಿ ತೆರೆದ ಆಸ್ಪತ್ರೆಯನ್ನು ಇವತ್ತಿಗೂ ಜನ ಮಿಷನ್ ಆಸ್ಪತ್ರೆ ಅಂತಲೇ ಕರೆಯುತ್ತಾರೆ. 1953ರಲ್ಲಿ ಮಣಿಪಾಲದ ಗುಡ್ಡದ ಮೇಲೆ ಕಸ್ತೂರ್ಬಾ ಮೆಡಿಕಲ್ ಕಾಲೇಜು ಬಂತು. ಈಗ ದೇರಳಕಟ್ಟೆಯಿಂದ ಮಣಿಪಾಲದವರೆಗೆ ಬೆಳಿಗ್ಗೆ ಏಳು ಗಂಟೆಗೆ ರಸ್ತೆಗೆ ಇಳಿದರೆ ನರ್ಸಿಂಗ್ ಕಾಲೇಜಿನ ಬಸ್ಸುಗಳೇ. ಒಳಗೆ ಕೂತ ಮಕ್ಕಳಲ್ಲಿ ಬಹಳಷ್ಟು ಮಂದಿ ಕೇರಳದವರು. ಅವರ ಮೇಲೆ ನನಗೆ ದೂರು ಏನೂ ಇಲ್ಲ; ಕರಾವಳಿಯ ಎಷ್ಟೋ ವಾರ್ಡುಗಳು ನಡೆಯುವುದೇ ಅವರಿಂದ. ಆದರೆ ತುಳು, ಕೊಂಕಣಿ, ಬ್ಯಾರಿ ಮಾತಾಡುವ ರೋಗಿಯ ಮಾತು ಅರ್ಥವಾಗುವವರು ವಾರ್ಡಿನಲ್ಲಿ ಈಗಾಗಲೇ ಇದ್ದಾರೆ. ಅವರ ಕೈಯಲ್ಲಿ ಬೆಡ್‌ಪ್ಯಾನ್ ಇದೆ, ನರ್ಸ್ ಅನ್ನುವ ರಿಜಿಸ್ಟ್ರೇಷನ್ ಇಲ್ಲ.

ಬಾಗಿಲು ಯಾವುದು ಅಂತ ನಿಮ್ಮ ಪಿಯುಸಿ ಹೇಳುತ್ತದೆ

ನರ್ಸ್ ಆಗಲು ಮುಖ್ಯವಾಗಿ ಮೂರು ಕೋರ್ಸುಗಳಿವೆ. ಎಎನ್‌ಎಂ, ಅಂದರೆ ಆಕ್ಸಿಲಿಯರಿ ನರ್ಸ್ ಮಿಡ್‌ವೈಫ್, ಎರಡು ವರ್ಷ; ಜಿಎನ್‌ಎಂ, ಅಂದರೆ ಜನರಲ್ ನರ್ಸಿಂಗ್ ಮತ್ತು ಮಿಡ್‌ವೈಫರಿ ಡಿಪ್ಲೊಮಾ, ಮೂರು ವರ್ಷ; ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷ. ಯಾರು ಯಾವುದಕ್ಕೆ ಸೇರಬಹುದು ಅನ್ನುವುದನ್ನು ಭಾರತೀಯ ನರ್ಸಿಂಗ್ ಕೌನ್ಸಿಲಿನ ನಿಯಮಗಳು ಹೇಳುತ್ತವೆ.

ಬಿ.ಎಸ್ಸಿ.ಗೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಬೇಕು, ಈ ಮೂರರಲ್ಲಿ ಸೇರಿ ಶೇಕಡಾ 45 ಅಂಕ ಇರಬೇಕು, ಇಂಗ್ಲಿಷ್ ಪಾಸಾಗಿರಬೇಕು. ನಮ್ಮ ರಾಜ್ಯದಲ್ಲಿ ಸರ್ಕಾರಿ ಕೋಟಾದ ಸೀಟು ಬೇಕಾದರೆ ರಾಜ್ಯದ ಪರೀಕ್ಷಾ ಪ್ರಾಧಿಕಾರ ಕೆಇಎ ನಡೆಸುವ ಪ್ರವೇಶ ಪರೀಕ್ಷೆ ಸಿಇಟಿಯನ್ನೂ ಬರೆಯಬೇಕು. ಹದಿನಾಲ್ಕು ವರ್ಷದ ಹಿಂದೆ ಪಿಯುಸಿ ಮುಗಿಸಿದವರು ಹದಿನೆಂಟರ ಮಕ್ಕಳ ಜೊತೆ ಕೂತು ಸಿಇಟಿ ಬರೆಯುವುದು ಸುಲಭ ಅಲ್ಲ. ಆಗದ ಕೆಲಸವೂ ಅಲ್ಲ.

ಜಿಎನ್‌ಎಂ ಇಷ್ಟು ಬಿಗಿ ಇಲ್ಲ. ಪಿಯುಸಿ ಯಾವ ವಿಭಾಗದ್ದಾದರೂ ಆಗುತ್ತದೆ. ಆರ್ಟ್ಸ್, ಕಾಮರ್ಸ್, ಸೈನ್ಸ್, ಎಲ್ಲವೂ. ಒಟ್ಟು ಶೇಕಡಾ 40 ಅಂಕ ಬೇಕು, ಇಂಗ್ಲಿಷ್‌ನಲ್ಲಿ ಪ್ರತ್ಯೇಕವಾಗಿಯೂ ಅಷ್ಟು ಇರಬೇಕು. ರಾಷ್ಟ್ರೀಯ ಮುಕ್ತ ಶಾಲೆಯಲ್ಲಿ, ಅಂದರೆ ಎನ್‌ಐಒಎಸ್‌ನಲ್ಲಿ, ಹನ್ನೆರಡನೇ ತರಗತಿ ಮಾಡಿದವರೂ ಅರ್ಜಿ ಹಾಕಬಹುದು. ನನ್ನ ಕಣ್ಣಿಗೆ ಎರಡನೇ ಸಲ ಬದುಕು ಕಟ್ಟಿಕೊಳ್ಳಲು ಹೊರಟವರಿಗೆ ಮುಖ್ಯ ಬಾಗಿಲು ಇದೇ. ಬಟ್ಟೆ ಅಂಗಡಿಯಲ್ಲಿ ಬಿಲ್ ಹಾಕುವವರು, ಗೇರುಬೀಜದ ಫ್ಯಾಕ್ಟರಿಯ ಆಫೀಸಿನಲ್ಲಿ ಲೆಕ್ಕ ಬರೆಯುವವರು, ಬಿ.ಕಾಂ. ಮುಗಿಸಿ ಮಕ್ಕಳಿಗಾಗಿ ಕೆಲಸ ಬಿಟ್ಟವರು, ಎಲ್ಲರಿಗೂ ಇದು ತೆರೆದಿದೆ. ಜಿಎನ್‌ಎಂ ಕೋರ್ಸೇ ನಿಲ್ಲುತ್ತದೆ ಅನ್ನುವ ಸುದ್ದಿ ಕೆಲವು ವರ್ಷದಿಂದ ಆಗಾಗ ಬರುತ್ತದೆ. ಕೋರ್ಸು ನಡೆಯುತ್ತಲೇ ಇದೆ.

ಎಎನ್‌ಎಂ ಮಹಿಳೆಯರಿಗೆ ಮಾತ್ರ. ಇದರಲ್ಲಿ ಹಳ್ಳಿಯ ಆರೋಗ್ಯದ ಕೆಲಸ ಹೆಚ್ಚು: ಲಸಿಕೆ, ಬಾಣಂತಿಯರ ಆರೈಕೆ, ಮನೆ ಭೇಟಿ. ಸರ್ಕಾರದಲ್ಲಿ ಈ ಹುದ್ದೆಯ ಹೆಸರು ಈಗ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ. ದೊಡ್ಡ ಆಸ್ಪತ್ರೆಯ ಐಸಿಯುವಿನಲ್ಲಿ ನಿಲ್ಲಬೇಕು ಅನ್ನುವವರಿಗೆ ಎಎನ್‌ಎಂ ಸಾಲದು.

ಇನ್ನು ವಯಸ್ಸು. ಮೂರೂ ಕೋರ್ಸಿಗೆ ಕನಿಷ್ಠ 17, ಗರಿಷ್ಠ 35. ಬಿ.ಎಸ್ಸಿ.ಗೆ ಈ ಗರಿಷ್ಠ ಮಿತಿ ಹೊಸದು, 2021ರ ನಿಯಮಾವಳಿಯಲ್ಲಿ ಬಂದದ್ದು. ಅಂದರೆ 33ಕ್ಕೆ "ವಯಸ್ಸಾಯ್ತಲ್ಲ" ಅನ್ನುವ ಮಾತು ತಪ್ಪು. 36ಕ್ಕೆ ಅದೇ ಮಾತು ನಿಯಮದ ಪ್ರಕಾರ ಸರಿ. ನಡುವೆ ಇರುವುದು ಎರಡೇ ಅಡ್ಮಿಷನ್. ಇಲ್ಲಿ ಒಂದು ಸಣ್ಣ ಕಿಟಕಿ ಇದೆ, ಹೆಚ್ಚು ಜನರಿಗೆ ಗೊತ್ತಿಲ್ಲ. ಎಎನ್‌ಎಂ ಮುಗಿಸಿ ರಿಜಿಸ್ಟರ್ ಆದವರು ಮುಂದೆ ಜಿಎನ್‌ಎಂ ಸೇರಲು ವಯಸ್ಸಿನ ಮಿತಿ ಇಲ್ಲ. 35ರೊಳಗೆ ಎರಡು ವರ್ಷದ ಎಎನ್‌ಎಂಗೆ ಸೇರಿದವರು, ಕೆಲ ಕಾಲ ದುಡಿದು, 40ಕ್ಕೂ ಜಿಎನ್‌ಎಂ ಕಲಿಯಬಹುದು.

35 ಅನ್ನುವ ಈ ಗೆರೆ ಯಾಕೆ ಅಂತ ನನಗೆ ಇನ್ನೂ ಅರ್ಥವಾಗಿಲ್ಲ. ಎರಡು ಮಕ್ಕಳನ್ನು ಹೆತ್ತು, ಅತ್ತೆಯ ಲಕ್ವ ನೋಡಿಕೊಂಡು, ಮಕ್ಕಳು ಶಾಲೆಗೆ ಹೋಗುವಷ್ಟು ದೊಡ್ಡವರಾದ ಮೇಲೆಯೇ ನಮ್ಮ ಹೆಂಗಸರಿಗೆ ತಮ್ಮದು ಅಂತ ಸ್ವಲ್ಪ ಸಮಯ ಸಿಗುವುದು. ಆ ಹೊತ್ತಿಗೆ ಸರಿಯಾಗಿ ಬಾಗಿಲು ಮುಚ್ಚುತ್ತದೆ.

ಸಂಬಳ ಇಲ್ಲದ ತಿಂಗಳುಗಳು

ಆ ಆಯಾ ತಿಂಗಳಿಗೆ ಪಡೆಯುವುದು 13,500 ರೂಪಾಯಿ. ಗಂಡ ಬಾಡಿಗೆ ರಿಕ್ಷಾ ಓಡಿಸುತ್ತಾರೆ. ಮಗ ಆರನೇ ಕ್ಲಾಸು. ಒಂದು ಭಾನುವಾರ ಅವರ ಮನೆಯಲ್ಲಿ ಕೂತು, ಮಗನ ರಫ್ ಪುಸ್ತಕದ ಹಿಂದಿನ ಪುಟದಲ್ಲಿ ನಾವು ಲೆಕ್ಕ ಬರೆದೆವು.

ಜಿಎನ್‌ಎಂ ಅಂದರೆ 36 ತಿಂಗಳು. 13,500ರಂತೆ 4,86,000 ರೂಪಾಯಿ ಸಂಬಳ ಹೋಗುತ್ತದೆ. ಅವರು ವಿಚಾರಿಸಿದ ಒಂದು ಶಾಲೆಯಲ್ಲಿ ವರ್ಷಕ್ಕೆ 60 ಸಾವಿರ ಫೀಸು ಹೇಳಿದ್ದರು. ಮೂರು ವರ್ಷಕ್ಕೆ 1,80,000. ಯೂನಿಫಾರ್ಮು, ಪುಸ್ತಕ, ಪರೀಕ್ಷೆ ಫೀಸು ಬೇರೆ. ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಫೀಸಿನ ಎರಡೂವರೆ ಪಟ್ಟಿಗಿಂತ ಜಾಸ್ತಿ ಹೋಗುವುದು ಸಂಬಳದಲ್ಲಿ. ಎಎನ್‌ಎಂ ಆದರೆ 24 ತಿಂಗಳು, ನಷ್ಟ 3,24,000. ಬಿ.ಎಸ್ಸಿ. ಆದರೆ 48 ತಿಂಗಳು, 6,48,000. ಸರ್ಕಾರಿ ಸೀಟು ಸಿಕ್ಕಿ ಫೀಸು ತೀರಾ ಕಡಿಮೆಯಾದರೂ ಈ ಸಂಬಳದ ಅಂಕಿ ಒಂದು ರೂಪಾಯಿಯೂ ಕಡಿಮೆಯಾಗುವುದಿಲ್ಲ.

"ಬೆಳಿಗ್ಗೆ ಕ್ಲಾಸು, ಸಂಜೆ ಕೆಲಸ ಮಾಡಿದರೆ ಆಗುದಿಲ್ವಾ?" ಅಂತ ಅವರು ಕೇಳಿದರು. ಆಗುವುದಿಲ್ಲ. ನರ್ಸಿಂಗ್ ಪೂರ್ಣಾವಧಿ ಕೋರ್ಸು. ಸಂಜೆ ಕಾಲೇಜು ಇಲ್ಲ, ಅಂಚೆ ಶಿಕ್ಷಣ ಇಲ್ಲ. ಥಿಯರಿ ಕ್ಲಾಸಿನಲ್ಲಿ ಶೇಕಡಾ 80 ಹಾಜರಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ವಾರ್ಡಿನ ಕೆಲಸದಲ್ಲಿ ಸರ್ಟಿಫಿಕೇಟ್ ಸಿಗುವ ಮೊದಲು ನೂರಕ್ಕೆ ನೂರು ತುಂಬಿಸಬೇಕು, ತಪ್ಪಿದ ದಿನಗಳನ್ನು ಆಮೇಲೆ ಮಾಡಿಕೊಡಬೇಕು. ಇದು ಸರಿಯೇ. ಇಂಜೆಕ್ಷನ್ ಕೊಡುವುದನ್ನು ಪುಸ್ತಕ ಓದಿ ಕಲಿತವರ ಕೈಗೆ ನಾವು ಯಾರೂ ತೋಳು ಕೊಡುವುದಿಲ್ಲ ಅಲ್ವಾ? ಆದರೆ ದುಡಿಯುತ್ತಾ ಕಲಿಯುವವರಿಗೆ ಈ ಗಂಟೆಗಳು ಸ್ವಲ್ಪವೂ ಜಾಗ ಬಿಡುವುದಿಲ್ಲ. ಕೆಲವು ಕಡೆ ಹಾಸ್ಟೆಲ್ ಕಡ್ಡಾಯ ಬೇರೆ. ಮನೆಯಲ್ಲಿ ಮಗು ಇರುವ ತಾಯಿ ಅಡ್ಮಿಷನ್ ದಿನ ಮೊದಲು ಕೇಳಬೇಕಾದ ಪ್ರಶ್ನೆ ಇದು: ಮನೆಯಿಂದ ಓಡಾಡಲು ಬಿಡುತ್ತೀರಾ?

ಓಡಾಟದ ಖರ್ಚೂ ಇದೆ. 2023ರ ಜೂನ್ 11ರಿಂದ ರಾಜ್ಯದ ಮಹಿಳೆಯರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ. ಮೈಸೂರಿನ ಕಡೆ ಇದ್ದರೆ ಕಾಲೇಜಿಗೆ ಓಡಾಡುವ ದುಡ್ಡು ಪೂರ್ತಿ ಉಳಿಯುತ್ತಿತ್ತೇನೋ. ನಮ್ಮ ಎರಡು ಜಿಲ್ಲೆಗಳಲ್ಲಿ ಹೆಚ್ಚಿನ ಬಸ್ಸುಗಳು ಖಾಸಗಿಯವು. ಮೂಲ್ಕಿಯಿಂದ ಕಂಕನಾಡಿಗೆ, ಕಾರ್ಕಳದಿಂದ ಮಣಿಪಾಲಕ್ಕೆ ದಿನಾ ಹೋಗಿ ಬರುವವರು ಬೆಳಿಗ್ಗೆ ಯಾವ ಬಸ್ಸು ಬರುತ್ತದೋ ಅದಕ್ಕೆ ಹತ್ತುತ್ತಾರೆ, ಕಂಡಕ್ಟರಿಗೆ ದುಡ್ಡು ಕೊಡುತ್ತಾರೆ.

ಹಣ ಎಲ್ಲಿಂದ

ನಮ್ಮಲ್ಲಿ ದುಡ್ಡು ಬೇಕಾದಾಗ ಕೈ ಮೊದಲು ಹೋಗುವುದು ಎರಡು ಕಡೆಗೆ: ಕುತ್ತಿಗೆಯ ಚಿನ್ನ, ಇಲ್ಲದಿದ್ದರೆ ಸಂಘದ ಸಾಲ. ಸಂಘ ಎಷ್ಟೋ ಮನೆಗಳನ್ನು ನಿಲ್ಲಿಸಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಓದಿಗೆ ಅದು ಹೊಂದುವ ಸಾಲ ಅಲ್ಲ. ಇವತ್ತು ತೆಗೆದರೆ ಕಂತು ಬೇಗನೇ ಶುರುವಾಗುತ್ತದೆ, ವಾರ ವಾರ ಕಟ್ಟಬೇಕು. ಸಂಬಳವೇ ಇಲ್ಲದವರು ಎಲ್ಲಿಂದ ಕಟ್ಟುವುದು?

ಬ್ಯಾಂಕಿನ ಶಿಕ್ಷಣ ಸಾಲದ ಗುಣವೇ ಬೇರೆ. ಓದು ಮುಗಿದು ಒಂದು ವರ್ಷದವರೆಗೆ ಕಂತು ಕೇಳುವುದಿಲ್ಲ. ಬಡ್ಡಿ ಬೆಳೆಯುತ್ತದೆ, ಆದರೆ ಕುಟುಂಬದ ಆದಾಯ ವರ್ಷಕ್ಕೆ 4.5 ಲಕ್ಷ ರೂಪಾಯಿಯೊಳಗೆ ಇದ್ದು, ಕೋರ್ಸು ಮತ್ತು ಸಂಸ್ಥೆ ಯೋಜನೆಯ ಷರತ್ತಿಗೆ ಹೊಂದಿದರೆ ಆ ಅವಧಿಯ ಬಡ್ಡಿಯನ್ನು ಕೇಂದ್ರ ಸರ್ಕಾರ ಕಟ್ಟುತ್ತದೆ. ಬ್ಯಾಂಕುಗಳ ಸಂಘದ ಮಾದರಿ ಯೋಜನೆಯ ಪ್ರಕಾರ 4 ಲಕ್ಷದವರೆಗೆ ನಮ್ಮ ಕೈಯಿಂದ ಪಾಲು ಹಾಕಬೇಕಾಗಿಲ್ಲ, 7.5 ಲಕ್ಷದವರೆಗೆ ಆಸ್ತಿ ಅಡವು ಇಡಬೇಕಾಗಿಲ್ಲ. ಸಾಲಕ್ಕೆ ಇಂತಿಷ್ಟೇ ವಯಸ್ಸು ಅನ್ನುವ ನಿರ್ಬಂಧವೂ ಆ ಮಾದರಿಯಲ್ಲಿ ಇಲ್ಲ. ಮದುವೆಯಾದವರಿಗೆ ಜೊತೆ ಸಾಲಗಾರರಾಗಿ ಗಂಡ ಅಥವಾ ಹೆಂಡತಿ, ಇಲ್ಲವೇ ಅತ್ತೆ ಮಾವ ಸಹಿ ಹಾಕಬಹುದು. ನರ್ಸಿಂಗ್ ಡಿಪ್ಲೊಮಾವೂ ಅದರ ಪಟ್ಟಿಯಲ್ಲಿದೆ, ಸಂಬಂಧಪಟ್ಟ ಕೌನ್ಸಿಲಿನ ಒಪ್ಪಿಗೆ ಇರಬೇಕು ಅಷ್ಟೆ.

ಇಷ್ಟೆಲ್ಲಾ ಇದ್ದೂ ಕೌಂಟರಿನಲ್ಲಿ ಏನಾಗುತ್ತದೆ ಅಂದರೆ, ನಾನು ಹೋದ ಶಾಖೆಯಲ್ಲಿ ಸಾಲದ ವಿಭಾಗದವರು ಮೊದಲು ಕೇಳಿದ್ದು "ಮಗಳಿಗಾ?" ಅಂತ. ಮೂವತ್ತಮೂರರ ಹೆಂಗಸೇ ವಿದ್ಯಾರ್ಥಿ ಅಂದಾಗ ಅವರು ಸ್ವಲ್ಪ ಹೊತ್ತು ಸುಮ್ಮನಾದರು. ಆಮೇಲೆ ಅರ್ಜಿ ಕೊಟ್ಟರು, ನಗುತ್ತಲೇ ಕೊಟ್ಟರು. ಆದರೆ ಆ ಮೌನದ ಎದುರು ನಿಲ್ಲುವ ಧೈರ್ಯ ಎಲ್ಲರಿಗೂ ಇರುವುದಿಲ್ಲ. ಮ್ಯಾನೇಜ್‌ಮೆಂಟ್ ಕೋಟಾದ ಸೀಟಾದರೆ ಬ್ಯಾಂಕಿನವರ ಪ್ರಶ್ನೆಗಳು ಇನ್ನೂ ಜಾಸ್ತಿ. ಆದ್ದರಿಂದ ಸೀಟು ಯಾವ ಕೋಟಾದ್ದು ಅಂತ ಬರವಣಿಗೆಯಲ್ಲಿ ಪಡೆದುಕೊಂಡು ಹೋಗುವುದು ಒಳ್ಳೆಯದು.

ಈ ಜಿಲ್ಲೆಗಳಿಗೆ ಸಣ್ಣ ಜನರ ದುಡ್ಡು ಅಂದರೆ ಏನು ಅಂತ ಚೆನ್ನಾಗಿ ಗೊತ್ತಿತ್ತು. ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿ, ಮನೆ ಮನೆಗೆ ಹೋಗಿ ದಿನಕ್ಕೆ ಎರಡಾಣೆ ಸಂಗ್ರಹಿಸಿತು. ಅದನ್ನು ಕಟ್ಟಿದವರಲ್ಲಿ ಒಬ್ಬರಾದ ಡಾ. ಟಿ.ಎಂ.ಎ. ಪೈಯವರೇ ಮಣಿಪಾಲದ ಮೆಡಿಕಲ್ ಕಾಲೇಜನ್ನೂ ಕಟ್ಟಿದ್ದು. ಬ್ಯಾಂಕನ್ನೂ ಆಸ್ಪತ್ರೆಯನ್ನೂ ಒಂದೇ ಕೈ ಕಟ್ಟಿದ ಊರು ಇದು. ಇಲ್ಲಿ ಒಬ್ಬ ಆಯಾ ನರ್ಸ್ ಆಗಲು ಕುತ್ತಿಗೆಯ ಸರ ಬಿಚ್ಚಬೇಕಾಗಿ ಬರುವುದು ನನಗೆ ನೋವು ಕೊಡುತ್ತದೆ.

ವಿದ್ಯಾರ್ಥಿವೇತನದ ವಿಷಯದಲ್ಲಿ ಒಂದು ತೊಡಕು ಇದೆ. ಪರಿಶಿಷ್ಟ ಜಾತಿಯವರ ಪೋಸ್ಟ್ ಮೆಟ್ರಿಕ್ ವಿದ್ಯಾರ್ಥಿವೇತನದ ನಿಯಮದಂತೆ, ಒಂದು ಹಂತದ ಓದು ಮುಗಿಸಿದವರು ಅದೇ ಹಂತದಲ್ಲಿ ಬೇರೆ ವಿಷಯ ಓದಿದರೆ ಸಹಾಯ ಸಿಗುವುದಿಲ್ಲ. ಬಿ.ಎ. ಮುಗಿಸಿ ಬಿ.ಕಾಂ. ಸೇರಿದವರ ಹಾಗೆ. ಒಂದು ವೃತ್ತಿ ಕೋರ್ಸು ಮುಗಿಸಿ ಇನ್ನೊಂದಕ್ಕೆ ಸೇರಿದರೂ ಅದೇ ಕಥೆ. ಡಿಗ್ರಿ ಇದ್ದವರು ಮತ್ತೆ ಬಿ.ಎಸ್ಸಿ. ನರ್ಸಿಂಗ್ ಸೇರುವ ಮೊದಲು ಇದನ್ನು ಇಲಾಖೆಯಲ್ಲಿ ಕೇಳಿಯೇ ಮುಂದುವರಿಯಬೇಕು. ಪಿಯುಸಿಗೇ ಓದು ನಿಲ್ಲಿಸಿದವರಿಗೆ ಈ ತೊಡಕಿಲ್ಲ. ಬಡತನದಿಂದ ಓದು ಬಿಟ್ಟವರಿಗೆ ಇಲ್ಲಿ ಅಪರೂಪಕ್ಕೆ ಒಂದು ಅನುಕೂಲ.

ಆರು ತಿಂಗಳ 'ನರ್ಸಿಂಗ್'

ಕಡಿಮೆ ಖರ್ಚಿನ ದಾರಿ ಅಂದ ಕೂಡಲೇ ಬಸ್‌ಸ್ಟ್ಯಾಂಡಿನ ಗೋಡೆಯ ಮೇಲೆ ಕಾಣುವುದು ಆರು ತಿಂಗಳ, ಒಂದು ವರ್ಷದ ಕೋರ್ಸುಗಳ ಪೋಸ್ಟರು. ನರ್ಸಿಂಗ್ ಅಸಿಸ್ಟೆಂಟ್, ಹೆಲ್ತ್ ಅಸಿಸ್ಟೆಂಟ್, ಹೋಂ ನರ್ಸಿಂಗ್, ಹೀಗೆ ನಾನಾ ಹೆಸರು. ಇದರ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಜನ ಹೆಚ್ಚು ಮೋಸ ಹೋಗುವುದು ಇಲ್ಲಿ.

ಈ ಆಯಾಳ ತಂಗಿ ಇಂಥ ಒಂದು ಕಡೆ 35 ಸಾವಿರ ಕಟ್ಟಿ ಒಂದು ವರ್ಷ ಕಲಿತರು. ಬಿಳಿ ಕೋಟು ಕೊಟ್ಟರು, ಗ್ರೂಪ್ ಫೋಟೊ ತೆಗೆದರು, ದೊಡ್ಡ ಸೀಲು ಒತ್ತಿದ ಸರ್ಟಿಫಿಕೇಟ್ ಕೊಟ್ಟರು. ಅದನ್ನು ಹಿಡಿದು ಆಸ್ಪತ್ರೆಗೆ ಹೋದಾಗ ಕೇಳಿದ್ದು ಒಂದೇ ಪ್ರಶ್ನೆ: "ಕೌನ್ಸಿಲ್ ರಿಜಿಸ್ಟ್ರೇಷನ್ ನಂಬರ್ ಎಷ್ಟು?" ನಂಬರ್ ಇರಲಿಲ್ಲ, ಇರಲು ಸಾಧ್ಯವೂ ಇರಲಿಲ್ಲ. ಕೊನೆಗೆ ಸಿಕ್ಕಿದ್ದು ಅಕ್ಕ ಮಾಡುತ್ತಿದ್ದ ಕೆಲಸವೇ, ಹೆಚ್ಚುಕಡಿಮೆ ಅಷ್ಟೇ ಸಂಬಳಕ್ಕೆ.

ಸಣ್ಣ ಕೋರ್ಸುಗಳೆಲ್ಲ ಕೆಟ್ಟವು ಅಂತ ನಾನು ಹೇಳುತ್ತಿಲ್ಲ. ಸರ್ಕಾರದ ಕೌಶಲ ಯೋಜನೆಗಳಲ್ಲಿ ಜನರಲ್ ಡ್ಯೂಟಿ ಅಸಿಸ್ಟೆಂಟ್ ತರಬೇತಿ ಉಚಿತವಾಗಿ ಸಿಗುತ್ತದೆ. ರೋಗಿಯನ್ನು ಎತ್ತುವುದು, ಮಗ್ಗುಲು ಬದಲಿಸುವುದು, ಸ್ನಾನ ಮಾಡಿಸುವುದು, ಬಿಪಿ ನೋಡುವುದು ಕಲಿಸುತ್ತಾರೆ. ಮಕ್ಕಳು ಗಲ್ಫಿನಲ್ಲೋ ಮುಂಬೈಯಲ್ಲೋ ಇದ್ದು ವಯಸ್ಸಾದ ತಂದೆತಾಯಿ ಮಾತ್ರ ಇರುವ ಮನೆಗಳು ಕರಾವಳಿಯಲ್ಲಿ ಎಷ್ಟಿವೆ ಅಂತ ನಿಮಗೇ ಗೊತ್ತು. ಅಲ್ಲಿ ಈ ಕೆಲಸಕ್ಕೆ ಬೇಡಿಕೆ ಇದೆ, ಮರ್ಯಾದೆಯೂ ಇದೆ. ಆದರೆ ಅದು ನರ್ಸ್ ಆಗುವ ಮೆಟ್ಟಿಲಲ್ಲ. ಅದರಿಂದ ಜಿಎನ್‌ಎಂನ ಒಂದು ದಿನವೂ ಕಡಿಮೆಯಾಗುವುದಿಲ್ಲ.

ಆದ್ದರಿಂದ ಯಾವ ಶಾಲೆಗೆ ಹೋದರೂ ಫೀಸು ಕೇಳುವ ಮೊದಲು ಇದನ್ನು ಕೇಳಿ: ಈ ಕೋರ್ಸು ಮುಗಿಸಿದರೆ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲಿನಲ್ಲಿ ಹೆಸರು ನೋಂದಾಯಿಸಬಹುದಾ? ಜಿಎನ್‌ಎಂ ಆದರೆ ಪರೀಕ್ಷೆ ನಡೆಸುವುದು ರಾಜ್ಯದ ಡಿಪ್ಲೊಮಾ ನರ್ಸಿಂಗ್ ಪರೀಕ್ಷಾ ಮಂಡಳಿಯೇ? ಬಿ.ಎಸ್ಸಿ. ಆದರೆ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯವೇ, ಇಲ್ಲಾ ಬೇರೆ ಮಾನ್ಯ ವಿಶ್ವವಿದ್ಯಾಲಯವೇ? ಕಲಿಸುವ ಆಸ್ಪತ್ರೆ ಯಾವುದು, ಎಷ್ಟು ಹಾಸಿಗೆ? ಆ ಆಸ್ಪತ್ರೆಗೆ ಒಮ್ಮೆ ಹೋಗಿ ನೋಡಿ. ವಾರ್ಡು ಖಾಲಿ ಇದ್ದರೆ ನೀವು ಕಲಿಯುವುದು ಬೊಂಬೆಯ ಮೇಲೆ ಮಾತ್ರ.

ಕಲಿತ ಮೇಲೆ ಸಿಗುವುದೆಷ್ಟು

ಇದು ಮುಚ್ಚುಮರೆ ಇಲ್ಲದೆ ಹೇಳಬೇಕಾದ ಭಾಗ. ಹೊಸ ನರ್ಸಿಗೆ ಖಾಸಗಿ ಆಸ್ಪತ್ರೆಗಳಲ್ಲಿ ಸಂಬಳ ಕಡಿಮೆ. ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿದ ಮೇಲೆ ಕೇಂದ್ರ ಸರ್ಕಾರ ಒಂದು ಸಮಿತಿ ಮಾಡಿತು. 200ಕ್ಕಿಂತ ಹೆಚ್ಚು ಹಾಸಿಗೆಯ ಖಾಸಗಿ ಆಸ್ಪತ್ರೆಗಳು ರಾಜ್ಯ ಸರ್ಕಾರಿ ನರ್ಸಿನ ಸಮನಾಗಿ ಸಂಬಳ ಕೊಡಬೇಕು, 50ಕ್ಕಿಂತ ಕಡಿಮೆ ಹಾಸಿಗೆ ಇದ್ದರೂ 20,000ಕ್ಕೆ ಇಳಿಯಬಾರದು ಅಂತ ಅದು ಶಿಫಾರಸು ಮಾಡಿತು. ಶಿಫಾರಸು ಕಾಗದದ ಮೇಲಿದೆ. ಅದನ್ನು ಜಾರಿ ಮಾಡುವ ಮನಸ್ಸು ರಾಜ್ಯಗಳಲ್ಲಿ ಕಾಣಲಿಲ್ಲ. ಆಯಾ ಸಂಬಳಕ್ಕೂ ಹೊಸ ಸಿಸ್ಟರಿನ ಸಂಬಳಕ್ಕೂ ನಡುವೆ ಅಂತರ ಕಡಿಮೆ ಇದ್ದಷ್ಟೂ ಮೂರು ವರ್ಷದ ನಷ್ಟ ತುಂಬಲು ಹೆಚ್ಚು ವರ್ಷ ಬೇಕು. 34ಕ್ಕೆ ಸೇರಿ 37ಕ್ಕೆ ಹೊರಬರುವವರಿಗೆ ಈ ಲೆಕ್ಕ ತುಂಬಾ ಮುಖ್ಯ.

ಸರ್ಕಾರಿ ಕೆಲಸ ಸಿಕ್ಕರೆ ಚಿತ್ರ ಬದಲಾಗುತ್ತದೆ. ಆದರೆ ರಾಜ್ಯದ ಕಾಯಂ ನೇಮಕಾತಿಯಲ್ಲಿ ಸಾಮಾನ್ಯ ವರ್ಗಕ್ಕೆ 35, ಹಿಂದುಳಿದ ವರ್ಗಗಳಿಗೆ 38, ಪರಿಶಿಷ್ಟ ಜಾತಿ, ಪಂಗಡ ಮತ್ತು ಪ್ರವರ್ಗ ಒಂದಕ್ಕೆ 40 ಅನ್ನುವುದು ಮೂಲ ಮಿತಿ. ಸರ್ಕಾರ ಆಗಾಗ ಸಡಿಲಿಕೆ ಕೊಡುತ್ತದೆ, ಅದನ್ನು ನಂಬಿಕೊಂಡು ಬದುಕಿನ ಯೋಜನೆ ಮಾಡಲಾಗುವುದಿಲ್ಲ. ಕಾಲೇಜು 35ರವರೆಗೆ ಸೇರಿಸಿಕೊಳ್ಳುತ್ತದೆ, ಓದಿ ಹೊರಬರುವಾಗ ಸರ್ಕಾರ ವಯಸ್ಸು ಮೀರಿತು ಅನ್ನುತ್ತದೆ. ಎರಡು ನಿಯಮ ಬರೆದವರು ಒಮ್ಮೆಯಾದರೂ ಎದುರುಬದುರು ಕೂತು ಮಾತಾಡಿದ್ದರೆ ಹೀಗೆ ಆಗುತ್ತಿರಲಿಲ್ಲ.

ಹೊರದೇಶದ ಆಸೆ ಹಲವರಿಗೆ ಇದೆ, ಇರಲಿ. ಜರ್ಮನಿಗೆ ಹೋಗಬೇಕಾದರೆ ಜರ್ಮನ್ ಭಾಷೆ ಬಿ2 ಹಂತದವರೆಗೆ ಕಲಿಯಬೇಕು. ಬ್ರಿಟನ್ನಿಗೆ ಇಂಗ್ಲಿಷ್ ಪರೀಕ್ಷೆ, ಆಮೇಲೆ ಅವರದೇ ನರ್ಸಿಂಗ್ ಪರೀಕ್ಷೆ. ಗಲ್ಫಿನಲ್ಲಿ ಸಾಮಾನ್ಯವಾಗಿ ಎರಡು ವರ್ಷದ ಅನುಭವ ಕೇಳುತ್ತಾರೆ. ಮನೆ ಮಕ್ಕಳು ಇರುವವರಿಗೆ ಇದೆಲ್ಲ ಎರಡನೇ ಮಾತು. ಊರಲ್ಲೇ ಇದ್ದು ಬೆಳೆಯಬೇಕು ಅನ್ನುವವರಿಗೆ ಜಿಎನ್‌ಎಂ ನಂತರ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಇದೆ. ಅದು ಮುಗಿದರೆ ಸಿಗುವುದು ಡಿಗ್ರಿಯೇ. ನಡುವೆ ಕೆಲ ವರ್ಷ ದುಡಿದು ಸಾಲ ತೀರಿಸಿ ಸೇರಬಹುದು ಅನ್ನುವುದು ಈ ದಾರಿಯ ದೊಡ್ಡ ಗುಣ. ಒಂದೇ ಸಲ ನಾಲ್ಕು ವರ್ಷ ಸಂಬಳ ಬಿಡುವುದಕ್ಕಿಂತ ಮೂರು ವರ್ಷ ಬಿಟ್ಟು, ದುಡಿದು, ಮತ್ತೆ ಎರಡು ವರ್ಷ ಬಿಡುವುದು ಒಟ್ಟಿನಲ್ಲಿ ಉದ್ದವಾದರೂ ಮನೆ ತಡೆದುಕೊಳ್ಳುತ್ತದೆ. ನನ್ನನ್ನು ಕೇಳಿದರೆ ಸೈನ್ಸ್ ಓದದ, ಮೂವತ್ತು ದಾಟಿದ ಹೆಚ್ಚಿನವರಿಗೆ ಇದೇ ಸರಿಯಾದ ದಾರಿ.

ಆಸ್ಪತ್ರೆಗಳು ಮಾಡಬಹುದಾದ ಕೆಲಸ

ಇಂಗ್ಲೆಂಡಿನಲ್ಲಿ 2017ರಿಂದ ಆಸ್ಪತ್ರೆಯ ಸಹಾಯಕರು ಸಂಬಳ ಪಡೆಯುತ್ತಲೇ ಓದಿ ನರ್ಸ್ ಆಗುವ ಅಪ್ರೆಂಟಿಸ್ ಪದವಿ ಇದೆ. ನಮಗೆ ಅಷ್ಟು ದೂರ ನೋಡಬೇಕಾಗಿಯೂ ಇಲ್ಲ. ನಮ್ಮ ದೇಶದ ಹಳೆಯ ಆಸ್ಪತ್ರೆಗಳ ನರ್ಸಿಂಗ್ ಶಾಲೆಗಳು ನಡೆದದ್ದೇ ಹೀಗೆ. ಹುಡುಗಿಯರನ್ನು ವಾರ್ಡಿಗೇ ಸೇರಿಸಿಕೊಂಡು, ಊಟ ವಸತಿ ಕೊಟ್ಟು, ಸ್ವಲ್ಪ ಸ್ಟೈಪೆಂಡ್ ಕೊಟ್ಟು ಕಲಿಸುತ್ತಿದ್ದರು. ದುಡಿಮೆಯನ್ನು ಹಿಂಡಿದ್ದೂ ಇದೆ, ಅದನ್ನು ಮರೆಯಬಾರದು. ಆದರೆ ಕೈಯಲ್ಲಿ ಕಾಸಿಲ್ಲದ ಮನೆಯ ಹೆಣ್ಣುಮಕ್ಕಳು ನರ್ಸ್ ಆಗಲು ಸಾಧ್ಯವಾದದ್ದು ಆ ದಾರಿಯಿಂದ.

ಮಂಗಳೂರು ಉಡುಪಿಯ ದೊಡ್ಡ ಆಸ್ಪತ್ರೆಗಳಲ್ಲಿ ಹಲವಕ್ಕೆ ತಮ್ಮದೇ ನರ್ಸಿಂಗ್ ಶಾಲೆ ಇದೆ. ವರ್ಷಕ್ಕೆ ಐದು ಸೀಟು ತಮ್ಮದೇ ಆಯಾಗಳಿಗೆ, ವಾರ್ಡ್ ಬಾಯ್‌ಗಳಿಗೆ ಇಟ್ಟರೆ ಎಷ್ಟು ಹೊರೆಯಾದೀತು? ಫೀಸು ಬಿಡುವುದು, ಅರ್ಧ ಸಂಬಳವನ್ನು ಸ್ಟೈಪೆಂಡ್ ಆಗಿ ಮುಂದುವರಿಸುವುದು, ಮುಗಿದ ಮೇಲೆ ಮೂರು ವರ್ಷ ಅಲ್ಲೇ ಕೆಲಸ ಮಾಡುವ ಒಪ್ಪಂದ. ನಮ್ಮ ಲೆಕ್ಕದ ಪ್ರಕಾರ ಅರ್ಧ ಸಂಬಳ ಅಂದರೆ ಒಬ್ಬರಿಗೆ ಮೂರು ವರ್ಷಕ್ಕೆ 2,43,000 ರೂಪಾಯಿ. ಹೊರದೇಶಕ್ಕೆ ಹೋಗಲು ಅನುಭವ ಗಳಿಸಿ ಎರಡೇ ವರ್ಷಕ್ಕೆ ಬಿಟ್ಟುಹೋಗುವ ಸಿಸ್ಟರುಗಳ ಜಾಗ ಮತ್ತೆ ಮತ್ತೆ ತುಂಬಿಸುವ ಆಸ್ಪತ್ರೆಗೆ, ಊರು ಬಿಡದ, ತುಳು ಬರುವ, ವಾರ್ಡು ಗೊತ್ತಿರುವ ಒಬ್ಬ ನರ್ಸ್ ಸಿಗುವುದಾದರೆ ಇದು ದೊಡ್ಡ ಮೊತ್ತವಾ? ಒಪ್ಪಂದ ಮಾತ್ರ ನ್ಯಾಯವಾಗಿರಬೇಕು. ಸರ್ಟಿಫಿಕೇಟ್ ಹಿಡಿದಿಟ್ಟುಕೊಳ್ಳುವ ಬಾಂಡ್ ಆಗಬಾರದು.

1947ರ ನರ್ಸಿಂಗ್ ಕೌನ್ಸಿಲ್ ಕಾಯ್ದೆಯ ಜಾಗಕ್ಕೆ 2023ರಲ್ಲಿ ಸಂಸತ್ತು ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗದ ಕಾಯ್ದೆ ತಂದಿದೆ. ಹೊಸ ಆಯೋಗ ಪ್ರವೇಶದ ನಿಯಮಗಳನ್ನು ಬರೆಯುವಾಗ 35ರ ಗೆರೆಯನ್ನು ಮತ್ತೊಮ್ಮೆ ನೋಡಲಿ. ಐದು ವರ್ಷಕ್ಕಿಂತ ಹೆಚ್ಚು ಆಸ್ಪತ್ರೆಯಲ್ಲಿ ದುಡಿದವರಿಗೆ ಅಷ್ಟಾದರೂ ಸಡಿಲಿಕೆ ಕೊಡಬಹುದು.

ಆಯಾ ಅವರ ಪಿಯುಸಿ ಮಾರ್ಕ್ಸ್ ಕಾರ್ಡ್ ತವರಿನಲ್ಲಿತ್ತು, ಅಮ್ಮನ ಟ್ರಂಕಿನಲ್ಲಿ, ಸೀರೆಗಳ ಕೆಳಗೆ. ಹುಡುಕಿ ತಂದರು. ಆರ್ಟ್ಸ್, ಶೇಕಡಾ 52, ಇಂಗ್ಲಿಷ್‌ನಲ್ಲಿ 47. ಜಿಎನ್‌ಎಂಗೆ ಧಾರಾಳ ಸಾಕು. ಅವರಿಗೆ ಭಯ ಇರುವುದು ಇಂಗ್ಲಿಷ್ ಪುಸ್ತಕಗಳದ್ದು, ಮೊದಲ ವರ್ಷವೇ ಅನಾಟಮಿ ಮತ್ತು ಮೈಕ್ರೊಬಯಾಲಜಿ. ವಾರ್ಡಿನಲ್ಲಿ ಎಂಟು ವರ್ಷ ಕಿವಿಗೆ ಬಿದ್ದ ಶಬ್ದಗಳನ್ನು ಈಗ ಒಂದೊಂದಾಗಿ ಬರೆದಿಡುತ್ತಿದ್ದಾರೆ: ಕೆಥೆಟರ್, ಸೆಪ್ಸಿಸ್, ಎಡಿಮಾ. ಸ್ಪೆಲಿಂಗ್ ತಪ್ಪಿದರೆ ಆ ಕೇರಳದ ಸಿಸ್ಟರ್ ತಿದ್ದಿಕೊಡುತ್ತಾಳೆ, ಬದಲಿಗೆ ತುಳು ಕಲಿಯುತ್ತಾಳೆ. ಬರುವ ಜೂನಿಗೆ ಇವರಿಗೆ 34 ತುಂಬುತ್ತದೆ. ಬ್ಯಾಂಕಿನವರು ಆದಾಯ ಪ್ರಮಾಣಪತ್ರ ಕೇಳಿದ್ದಾರೆ. ಅದಕ್ಕೆ ನಾಡಕಚೇರಿಗೆ ಹೋಗಲು ಹಗಲು ಹೊತ್ತು ರಜೆ ಸಿಗಬೇಕಿತ್ತು. ಗುರುವಾರ ಸಿಕ್ಕಿದೆ.